ನಗರದ ನಡುವಿನ ಬಿಸಿನೆಸ್ ಹೋಟೆಲಿನಲ್ಲಿ ತಂಗುವುದು ಹೇಗೆ: ಬುಕಿಂಗ್‌ನಿಂದ ಬಿಲ್ಲಿನವರೆಗೆ

ಒಂದು ಬಿಸಿನೆಸ್ ಹೋಟೆಲಿನ ಬಗ್ಗೆ ಅಲ್ಲಿ ತಂಗಿದವರು ಬರೆದದ್ದನ್ನು ಸಾಲಾಗಿ ಓದುತ್ತಾ ಹೋಗಿ. ಅದೇ ಕಟ್ಟಡ, ಅದೇ ವಾರ, ಅದೇ ದರ್ಜೆಯ ಕೋಣೆ. ಒಬ್ಬರು ಹಾಸಿಗೆಗೆ ತಲೆ ಕೊಟ್ಟದ್ದೇ ತಡ ನಿದ್ದೆ ಬಂತು ಎಂದು ಬರೆದಿರುತ್ತಾರೆ, ಮತ್ತೊಬ್ಬರು ರಾತ್ರಿಯಿಡೀ ರೆಪ್ಪೆ ಮುಚ್ಚಲಿಲ್ಲ ಎಂದು. ಇಬ್ಬರ ಮಾತೂ ನಿಜ. ಒಬ್ಬರಿಗೆ ಕಾರಿಡಾರಿನ ತುದಿಯ ಕೋಣೆ ಸಿಕ್ಕಿದೆ, ಮತ್ತೊಬ್ಬರಿಗೆ ಲಿಫ್ಟಿನ ಎದುರಿನದು.

ಹೋಟೆಲಿನ ಹೆಸರು ಮತ್ತು ನಕ್ಷತ್ರಗಳ ಬಗ್ಗೆ ನಾವು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಆದರೆ ಆ ರಾತ್ರಿ ಹೇಗೆ ಕಳೆಯುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ನಮಗೆ ಸಿಗುವ ಕೋಣೆ, ಮತ್ತು ಬೇಕಾದದ್ದನ್ನು ಬೇಕಾದ ಹೊತ್ತಿಗೆ ನಾವು ಬಾಯಿ ಬಿಟ್ಟು ಕೇಳಿದೆವೇ ಎಂಬುದು. ಮುಂದಿನ ಹಂತಗಳೆಲ್ಲ ಈ ಕೇಳುವ ಕೆಲಸದ ಸುತ್ತಲೇ ಇವೆ.

ಹಂತ 1: ಹೋಟೆಲಿನ ವಾರದ ಲಯವನ್ನು ಅರ್ಥ ಮಾಡಿಕೊಳ್ಳಿ

ಸಂಜೆ ಬಂದು, ಊಟ ಮುಗಿಸಿ, ಮಲಗಿ, ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಸಭೆಗೆ ಹೊರಡುವವರಿಗಾಗಿ ಕಟ್ಟಿದ ಜಾಗ ಇದು. ವಿಹಾರದ ಹೋಟೆಲಿನಲ್ಲಿ ಸಿಗುವ ವಿಶಾಲವಾದ ಅಂಗಳ, ಬಾಲ್ಕನಿ, ಮಕ್ಕಳ ಆಟದ ಜಾಗ ಇಲ್ಲಿ ಸಿಗದಿದ್ದರೆ ಅದು ಕೊರತೆಯಲ್ಲ. ನಿದ್ದೆ, ಕೂತು ಕೆಲಸ ಮಾಡಲು ಮೇಜು, ಸರಿಯಾದ ಬಿಲ್ಲು, ಈ ಮೂರು ಚೆನ್ನಾಗಿದ್ದರೆ ಹೋಟೆಲು ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಕಚೇರಿಗಳು ನಡೆಯುವ ದಿನಗಳಲ್ಲಿ, ಅದರಲ್ಲೂ ವಾರದ ನಡುವಿನ ರಾತ್ರಿಗಳಲ್ಲಿ, ಇಂಥ ಹೋಟೆಲುಗಳು ತುಂಬಿರುತ್ತವೆ. ವಾರಾಂತ್ಯ ಬಂತೆಂದರೆ ಖಾಲಿಯಾಗುತ್ತವೆ, ದರವೂ ಸಾಮಾನ್ಯವಾಗಿ ಇಳಿಯುತ್ತದೆ. ಸ್ವಂತ ಕೆಲಸಕ್ಕೆ ಹೋಗುವವರಾದರೆ ವಾರಾಂತ್ಯದಲ್ಲಿ ಅದೇ ಹಣಕ್ಕೆ ಮೇಲಿನ ದರ್ಜೆಯ ಕೋಣೆ ಸಿಗಬಹುದು. ಆದರೆ ಕಚೇರಿಗಳೇ ತುಂಬಿದ ಪ್ರದೇಶದಲ್ಲಿ ರಜಾದಿನ ಸಂಜೆಯಾದರೆ ಅಂಗಡಿ, ಉಪಾಹಾರ ಗೃಹಗಳು ಬಾಗಿಲು ಹಾಕಿರುತ್ತವೆ. ಹೊರಗೆ ಹೋಗಿ ಏನಾದರೂ ತಿಂದು ಬರೋಣ ಎಂದುಕೊಂಡವರು ಖಾಲಿ ಬೀದಿ ಸುತ್ತಿ ಬರಬೇಕಾಗುತ್ತದೆ. ಹೋಟೆಲಿನ ಅಡುಗೆಮನೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಮೊದಲೇ ಕೇಳಿಕೊಳ್ಳಿ.

ಹಂತ 2: ಇತರರ ಅನುಭವಗಳನ್ನು ಓದುವ ಬಗೆ

ಸರಾಸರಿ ಅಂಕವನ್ನು ಮೊದಲು ನೋಡಬೇಡಿ. ಇತ್ತೀಚಿನ ಮೂರು, ನಾಲ್ಕು ತಿಂಗಳ ಬರಹಗಳನ್ನು ಮಾತ್ರ ತೆಗೆಯಿರಿ. ಹೋಟೆಲುಗಳು ಕೈ ಬದಲಾಗುತ್ತವೆ, ಪಕ್ಕದಲ್ಲಿ ಹೊಸ ಕಟ್ಟಡದ ಕೆಲಸ ಶುರುವಾಗುತ್ತದೆ, ಹಾಸಿಗೆಗಳು ಹಳತಾಗುತ್ತವೆ. ಎರಡು ವರ್ಷದ ಹಿಂದಿನ ಹೊಗಳಿಕೆ ಇವತ್ತಿನ ರಾತ್ರಿಗೆ ಉಪಯೋಗಕ್ಕೆ ಬಾರದು.

ಆಮೇಲೆ ಹೆಸರುಪದಗಳನ್ನು ಹುಡುಕಿ: ಲಿಫ್ಟ್, ಬಸ್ ನಿಲ್ದಾಣ, ಜನರೇಟರ್, ಬಾರ್, ಪಕ್ಕದ ಕೋಣೆ, ಬಿಸಿನೀರು. "ಅದ್ಭುತ", "ಅತ್ಯಂತ ಕಳಪೆ" ಎಂಬ ವಿಶೇಷಣಗಳಿಂದ ತಿಳಿಯುವುದು ಬರೆದವರ ಮನಸ್ಥಿತಿ. "ಬೀದಿ ಕಡೆಯ ಎರಡನೇ ಮಹಡಿ, ಬೆಳಗಿನ ಜಾವ ಐದಕ್ಕೆ ಕಸದ ಲಾರಿ" ಎಂಬ ಒಂದು ಸಾಲಿನಿಂದ ನಿಮಗೆ ಯಾವ ಕೋಣೆ ಬೇಡ ಎಂಬುದೇ ತಿಳಿಯುತ್ತದೆ. ಅದೇ ದೂರು ಬೇರೆ ಬೇರೆಯವರಿಂದ ಮೂರು ಸಲ ಬಂದಿದ್ದರೆ ನಂಬಿ.

ಯಾರು ಬರೆಯಬಹುದು ಎಂಬುದೂ ಮುಖ್ಯ. 2014ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಮೇಝ್ಲಿನ್, ಡೋವರ್ ಮತ್ತು ಶೆವಲಿಯರ್ ಎಂಬ ಮೂವರು ಸಂಶೋಧಕರ ಅಧ್ಯಯನ ಪ್ರಕಟವಾಯಿತು. ಯಾರು ಬೇಕಾದರೂ ಬರೆಯಬಹುದಾಗಿದ್ದ ಟ್ರಿಪ್‌ಅಡ್ವೈಸರ್ ಮತ್ತು ಬುಕ್ ಮಾಡಿದವರಷ್ಟೇ ಬರೆಯಬಹುದಾಗಿದ್ದ ಎಕ್ಸ್‌ಪೀಡಿಯಾ, ಈ ಎರಡು ತಾಣಗಳ ಬರಹಗಳನ್ನು ಅವರು ಹೋಲಿಸಿ ನೋಡಿದ್ದರು. ಹತ್ತಿರದಲ್ಲಿ ಸ್ವತಂತ್ರ ಮಾಲೀಕರ ಪ್ರತಿಸ್ಪರ್ಧಿ ಹೋಟೆಲು ಇದ್ದ ಕಡೆ, ಯಾರು ಬೇಕಾದರೂ ಬರೆಯಬಹುದಾದ ತಾಣದಲ್ಲಿ ತೆಗಳಿಕೆಯ ಪ್ರಮಾಣ ಹೆಚ್ಚಾಗಿತ್ತು. ಆದ್ದರಿಂದ ತಂಗಿದ್ದು ಖಚಿತವಾದವರಿಂದ ಮಾತ್ರ ಬರೆಸುವ ತಾಣಗಳಿಗೆ ಹೆಚ್ಚು ತೂಕ ಕೊಡುವುದು ಜಾಣತನ.

ಹೋಟೆಲಿನವರು ಕೊಟ್ಟ ಉತ್ತರಗಳನ್ನೂ ಓದಿ. ಎಲ್ಲ ದೂರಿಗೂ ಒಂದೇ ಅಚ್ಚಿನ "ವಿಷಾದಿಸುತ್ತೇವೆ" ಇದ್ದರೆ ಅಲ್ಲಿ ಕೇಳಿಸಿಕೊಳ್ಳುವವರು ಇಲ್ಲ. "ಆ ಕೋಣೆಯ ಏಸಿ ಬದಲಿಸಿದ್ದೇವೆ" ಎಂಬಂಥ ನಿರ್ದಿಷ್ಟ ಉತ್ತರ ಕಂಡರೆ ಆ ಹೋಟೆಲಿಗೆ ನಾನು ಒಂದು ಅಂಕ ಹೆಚ್ಚೇ ಕೊಡುತ್ತೇನೆ.

ಹಂತ 3: ಬುಕ್ ಮಾಡುವಾಗಲೇ ಕೋಣೆಯ ಮಾತು ಆಡಿ

ಬುಕಿಂಗ್ ಆದ ಮೇಲೆ, ಹೋಗುವ ಒಂದೆರಡು ದಿನ ಮೊದಲು, ಹೋಟೆಲಿಗೆ ನೇರವಾಗಿ ಫೋನ್ ಮಾಡಿ ಇಲ್ಲವೇ ಮೇಲ್ ಬರೆಯಿರಿ. ಬೇರೆ ತಾಣದ ಮೂಲಕ ಬುಕ್ ಮಾಡಿದಾಗ ನೀವು ಬರೆದ ಕೋರಿಕೆ ಕೋಣೆ ಹಂಚುವವರ ಕಣ್ಣಿಗೆ ಬೀಳದೇ ಹೋಗಬಹುದು. ಕೋಣೆಗಳ ಹಂಚಿಕೆ ಸಾಮಾನ್ಯವಾಗಿ ನೀವು ಬರುವ ದಿನ ಬೆಳಿಗ್ಗೆ ನಡೆಯುತ್ತದೆ. ಅಷ್ಟರೊಳಗೆ ನಿಮ್ಮ ಮಾತು ಅವರ ಕಿವಿಗೆ ಬಿದ್ದಿರಬೇಕು.

ಏನು ಕೇಳಬೇಕು? ಲಿಫ್ಟಿನಿಂದ, ಹೌಸ್‌ಕೀಪಿಂಗ್‌ನವರ ಕೋಣೆಯಿಂದ ದೂರ. ಬೀದಿಯ ಎದುರು ಬೇಡ, ಹಿಂಭಾಗ ಇರಲಿ. ಬಾರ್ ಅಥವಾ ಸಮಾರಂಭದ ಸಭಾಂಗಣದ ನೇರ ಮೇಲೆ ಬೇಡ. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಪಕ್ಕದ ಕೋಣೆಗೆ ಒಳಬಾಗಿಲು ಇರುವ ಕೋಣೆ ಬೇಡ. ಕುಟುಂಬದವರು ಎರಡು ಕೋಣೆ ತೆಗೆದುಕೊಂಡಾಗ ಓಡಾಡಲಿ ಎಂದು ಇಟ್ಟಿರುವ ಈ ಬಾಗಿಲು ಬೀಗ ಹಾಕಿದ್ದರೂ ಶಬ್ದವನ್ನು ಗೋಡೆಯಷ್ಟು ತಡೆಯುವುದಿಲ್ಲ. ಅದರ ಕೆಳಗಿನ ಸಂದಿಯಲ್ಲಿ ಪಕ್ಕದವರ ಟಿವಿಯ ಬೆಳಕು ಕೂಡ ಬರುತ್ತದೆ. ಇಷ್ಟನ್ನೂ ಒಟ್ಟಿಗೆ ಕೇಳಿದರೆ ಯಾವುದೂ ಸಿಗದೆ ಹೋಗಬಹುದು. ನಿಮಗೆ ಅತಿ ಮುಖ್ಯವಾದ ಎರಡನ್ನು ಆರಿಸಿಕೊಂಡು, "ಸಾಧ್ಯವಾದರೆ" ಎಂದು ವಿನಯದಿಂದ ಕೇಳಿ.

ಎಷ್ಟನೇ ಮಹಡಿ ಎಂಬ ಪ್ರಶ್ನೆಗೆ ಎರಡು ಮುಖಗಳಿವೆ. ಮೇಲೆ ಹೋದಷ್ಟೂ ಬೀದಿಯ ಸದ್ದು ಕಡಿಮೆ. ಆದರೆ ಬೆಂಕಿಯ ಸಂದರ್ಭದಲ್ಲಿ ಅಗ್ನಿಶಾಮಕ ಏಣಿಗಳು ಮುಟ್ಟುವ ಎತ್ತರಕ್ಕೆ ಮಿತಿಯಿದೆ. ನಾನು ಮೂರರಿಂದ ಆರನೇ ಮಹಡಿಯೊಳಗೆ, ಹಿಂಭಾಗದಲ್ಲಿ ಕೇಳುತ್ತೇನೆ.

ತಡವಾಗಿ ತಲುಪುವವರಾದರೆ ಅದನ್ನು ತಿಳಿಸಲೇಬೇಕು. ಕೆಲವರು ಕೊನೆ ಗಳಿಗೆಯಲ್ಲಿ ಬರುವುದೇ ಇಲ್ಲ ಎಂಬ ಲೆಕ್ಕಾಚಾರದಲ್ಲಿ ಹೋಟೆಲುಗಳು ಇರುವ ಕೋಣೆಗಳಿಗಿಂತ ಹೆಚ್ಚು ಬುಕಿಂಗ್ ತೆಗೆದುಕೊಳ್ಳುವುದುಂಟು. ಆ ಲೆಕ್ಕ ತಪ್ಪಿದ ರಾತ್ರಿ ಎಲ್ಲರಿಗಿಂತ ಕೊನೆಗೆ ಬಂದವರನ್ನು ಬೇರೆ ಹೋಟೆಲಿಗೆ ಕಳುಹಿಸುತ್ತಾರೆ. ಕಾರ್ಡಿನ ಖಾತರಿ ಇರುವ ಬುಕಿಂಗ್, ಜೊತೆಗೆ "ರಾತ್ರಿ ಹನ್ನೊಂದಕ್ಕೆ ಬರುತ್ತೇನೆ, ಖಂಡಿತ ಬರುತ್ತೇನೆ" ಎಂಬ ಒಂದು ಕರೆ ಇದ್ದರೆ ಆ ಅಪಾಯ ಬಹಳಷ್ಟು ತಪ್ಪುತ್ತದೆ. ಹಾಗೊಮ್ಮೆ ಕಳುಹಿಸಿದರೂ ಅದೇ ದರ್ಜೆಯ ಕೋಣೆ, ಅಲ್ಲಿಗೆ ಹೋಗಲು ವಾಹನ, ದರದ ವ್ಯತ್ಯಾಸ ಇದ್ದರೆ ಅದನ್ನು ಅವರೇ ಭರಿಸುವುದು, ಇವನ್ನು ಕೇಳಿ ಪಡೆಯಿರಿ.

ರದ್ದತಿಯ ನಿಯಮವನ್ನು ಓದುವಾಗ ಗಡುವು ಯಾವ ಊರಿನ ಗಡಿಯಾರದ ಪ್ರಕಾರ ಎಂದು ನೋಡಿ. ಹೋಟೆಲಿರುವ ಊರಿನ ಸಮಯವೇ ಸಾಮಾನ್ಯ.

ಹಂತ 4: ಕೌಂಟರಿನಲ್ಲಿ

ಗುರುತಿನ ಚೀಟಿಯ ಜೊತೆಗೆ ಕಾರ್ಡ್ ಕೇಳುತ್ತಾರೆ. ಆಗ ಮುಂದಿನ ಖರ್ಚುಗಳಿಗೆಂದು ಒಂದಿಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಮಿತಿ ಅಷ್ಟು ಕಡಿಮೆಯಾಗುತ್ತದೆ, ಅಷ್ಟೇ. ಡೆಬಿಟ್ ಕಾರ್ಡ್ ಆದರೆ ನಿಮ್ಮ ಖಾತೆಯಲ್ಲಿರುವ ಹಣವೇ ಸಿಕ್ಕಿಹಾಕಿಕೊಳ್ಳುತ್ತದೆ, ಮತ್ತು ಕೋಣೆ ಬಿಟ್ಟ ಮೇಲೂ ಅದು ಬಿಡುಗಡೆಯಾಗಲು ಕೆಲವು ದಿನ ಬೇಕಾಗಬಹುದು. ಎಷ್ಟು ಮೊತ್ತ ಎಂದು ಕೇಳಲು ಸಂಕೋಚ ಬೇಡ.

ಕಂಪನಿಯ ಹೆಸರಿನಲ್ಲಿ ಬಿಲ್ಲು ಬೇಕಾದರೆ ಹೆಸರು, ವಿಳಾಸ, ತೆರಿಗೆ ಸಂಖ್ಯೆಯನ್ನು ಈಗಲೇ ಬರೆದುಕೊಡಿ. ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಕಾಯುತ್ತಿರುವಾಗ ಬಿಲ್ಲು ತಿದ್ದಿಸುವುದು ಕಷ್ಟದ ಕೆಲಸ. ಕೋಣೆಯ ಸಂಖ್ಯೆಯನ್ನು ಸಿಬ್ಬಂದಿ ಎಲ್ಲರಿಗೂ ಕೇಳುವಂತೆ ಹೇಳಿದರೆ, ಬೇರೆ ಕೋಣೆ ಕೊಡಿ ಎನ್ನಿ. ಒಂಟಿಯಾಗಿ ಪ್ರಯಾಣಿಸುವ ಮಹಿಳೆಯರು ಇದನ್ನು ನಿಸ್ಸಂಕೋಚವಾಗಿ ಕೇಳುತ್ತಾರೆ; ಎಲ್ಲರೂ ಕೇಳಬೇಕಾದ ಮಾತು ಇದು.

ಹಂತ 5: ಕೋಣೆಯೊಳಗಿನ ಮೊದಲ ಹತ್ತು ನಿಮಿಷ

ಪೆಟ್ಟಿಗೆ ಬಿಚ್ಚಬೇಡಿ. ಬಟ್ಟೆ ಜೋಡಿಸಿದ ಮೇಲೆ ಕೋಣೆ ಬದಲಿಸಲು ಮನಸ್ಸೇ ಬರುವುದಿಲ್ಲ. ಪೆಟ್ಟಿಗೆಯನ್ನು ಸ್ನಾನಗೃಹದ ಹೆಂಚಿನ ನೆಲದ ಮೇಲೆ ಇಟ್ಟು ಹಾಸಿಗೆಯ ಕಡೆಗೆ ಬನ್ನಿ. ಮೊಬೈಲಿನ ಟಾರ್ಚ್ ಹಾಕಿ, ತಲೆದಿಂಬಿನ ಮೂಲೆಯಲ್ಲಿ ಹೊದಿಕೆ ಎತ್ತಿ, ಹಾಸಿಗೆಯ ಅಂಚಿನ ಹೊಲಿಗೆಯ ಉದ್ದಕ್ಕೂ ಬೆಳಕು ಹಾಯಿಸಿ. ಹೊಲಿಗೆಯ ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ತೆರೆಯಿರಿ. ಮಸಿಯ ಚುಕ್ಕೆಯಂಥ ಕಪ್ಪು ಕಲೆಗಳು, ಕಳಚಿ ಬಿದ್ದ ತೆಳು ಕಂದು ಸಿಪ್ಪೆಗಳು ಕಂಡರೆ ತಿಗಣೆ ಇದೆ ಎಂದೇ ಅರ್ಥ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದವಿರುತ್ತದೆ, ಬರಿಗಣ್ಣಿಗೆ ಕಾಣುತ್ತದೆ. ಮಂಚದ ತಲೆಹಲಗೆಯ ಹಿಂಭಾಗವನ್ನೂ ನೋಡಿ. ಕಂಡುಬಂದರೆ ಅದೇ ಕಾರಿಡಾರಿನ ಪಕ್ಕದ ಕೋಣೆ ಒಪ್ಪಬೇಡಿ, ಗೋಡೆಯ ಸಂದುಗಳಲ್ಲಿ ಅವು ಹರಿದಾಡುತ್ತವೆ. ಬೇರೆ ಮಹಡಿ ಕೇಳಿ.

ಇಲ್ಲದಿದ್ದರೆ ಮುಂದೆ ಸಾಗಿ. ಏಸಿ ಹಾಕಿ ಸದ್ದು ಕೇಳಿ. ಬಿಸಿನೀರು ಬಿಟ್ಟು ನೋಡಿ. ಕೋಣೆ ಕೆಲವು ದಿನ ಖಾಲಿ ಇದ್ದಂತೆ ಕಂಡರೆ ಶವರನ್ನು ಒಂದೆರಡು ನಿಮಿಷ ಹರಿಯಬಿಟ್ಟು ಹೊರಗೆ ನಿಂತಿರಿ, ನಿಂತ ನೀರು ಹೋಗಲಿ. ಪರದೆ ಪೂರ್ತಿ ಮುಚ್ಚುತ್ತದೆಯೇ, ಬಾಗಿಲಿನ ಒಳಚಿಲಕ ಬೀಳುತ್ತದೆಯೇ, ಹಾಸಿಗೆಯ ಪಕ್ಕದ ಪ್ಲಗ್ ಪಾಯಿಂಟ್ ಕೆಲಸ ಮಾಡುತ್ತದೆಯೇ ನೋಡಿ. ಕಾರ್ಡನ್ನು ಗೋಡೆಯ ಗೂಡಿಗೆ ಹಾಕಿದರೆ ಮಾತ್ರ ವಿದ್ಯುತ್ ಬರುವ ಕೋಣೆಗಳಲ್ಲಿ ನೀವು ಹೊರಗೆ ಹೋದ ಕೂಡಲೇ ಚಾರ್ಜ್ ಆಗುತ್ತಿದ್ದ ಲ್ಯಾಪ್‌ಟಾಪ್ ನಿಂತುಹೋಗುತ್ತದೆ. ಯಾವ ಪ್ಲಗ್‌ಗೆ ಸದಾ ವಿದ್ಯುತ್ ಇರುತ್ತದೆ ಎಂದು ಕೇಳಿಟ್ಟುಕೊಳ್ಳಿ, ಒಂದಾದರೂ ಇರುವುದುಂಟು. ಕೆಲವು ಮಿನಿ ಫ್ರಿಜ್‌ಗಳಲ್ಲಿ ಪಾನೀಯದ ಬಾಟಲಿಯನ್ನು ಎತ್ತಿದರೆ ಸಾಕು, ಸೆನ್ಸರ್ ಅದನ್ನು ನಿಮ್ಮ ಲೆಕ್ಕಕ್ಕೆ ಬರೆಯುತ್ತದೆ. ನಿಮ್ಮ ಔಷಧಿ ಇಡಲು ಜಾಗ ಬೇಕಾದರೆ ಕೇಳಿ ಇಡಿ.

ಕೊನೆಯದಾಗಿ ಕಾರಿಡಾರಿಗೆ ಬಂದು, ನಿಮ್ಮ ಬಾಗಿಲಿನಿಂದ ತುರ್ತು ಮೆಟ್ಟಿಲಿನವರೆಗೆ ಎಷ್ಟು ಬಾಗಿಲುಗಳಿವೆ ಎಂದು ಎಣಿಸಿ. ಹೊಗೆ ತುಂಬಿದಾಗ ಫಲಕ ಕಾಣುವುದಿಲ್ಲ, ಗೋಡೆ ತಡವಿಕೊಂಡು ಬಾಗಿಲು ಎಣಿಸುತ್ತಾ ಹೋಗಬೇಕಾಗುತ್ತದೆ. 1980ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್ ಹೋಟೆಲಿನ ಬೆಂಕಿಯಲ್ಲಿ 85 ಜನ ಸತ್ತರು. ಬೆಂಕಿ ಹೊತ್ತಿದ್ದು ಕೆಳಗೆ. ಹೆಚ್ಚಿನವರು ಸತ್ತದ್ದು ಮೇಲಿನ ಮಹಡಿಗಳಲ್ಲಿ, ಹೊಗೆಯಿಂದ. ಒಂದು ನಿಮಿಷದ ಈ ಎಣಿಕೆಯನ್ನು ದಯವಿಟ್ಟು ಯಾವ ಹೋಟೆಲಿನಲ್ಲೂ ಬಿಡಬೇಡಿ.

ಹಂತ 6: ರಾತ್ರಿ

ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರದಿದ್ದರೆ ಅದಕ್ಕೆ ಹಾಸಿಗೆಯೊಂದೇ ಕಾರಣವಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಪರಿಚಿತ ಜಾಗದ ಮೊದಲ ರಾತ್ರಿ ಗಾಢ ನಿದ್ದೆಯಲ್ಲೂ ಮೆದುಳಿನ ಎಡ ಅರ್ಧಗೋಳದ ಒಂದು ಜಾಲ ಬಲಭಾಗಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ. ವಿಚಿತ್ರ ಸದ್ದಿಗೆ ಬೇಗ ಸ್ಪಂದಿಸುತ್ತದೆ. ಹಾಗಾಗಿ ಮುಖ್ಯವಾದ ಸಭೆ ಇದ್ದರೆ, ಅನುಕೂಲವಿದ್ದರೆ, ಒಂದು ರಾತ್ರಿ ಮುಂಚೆಯೇ ಬಂದುಬಿಡುವುದು ಒಳ್ಳೆಯದು. ಎರಡನೇ ರಾತ್ರಿ ದೇಹ ಜಾಗಕ್ಕೆ ಒಗ್ಗಿರುತ್ತದೆ.

ಶಬ್ದದ ಲೆಕ್ಕ ಹೇಳುವುದಾದರೆ, ಮಲಗುವ ಕೋಣೆಯೊಳಗೆ ನಿರಂತರ ಸದ್ದು 30 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಪಿಸುಮಾತಿನ ಆಸುಪಾಸಿನ ಮಟ್ಟ ಅದು. ನಗರದ ನಡುವೆ ಇದನ್ನು ಮುಟ್ಟುವುದು ಸುಲಭವಲ್ಲ. ಕಿವಿಗೆ ಇಟ್ಟುಕೊಳ್ಳುವ ಮೆತ್ತನೆಯ ಪ್ಲಗ್‌ಗಳನ್ನು ಪೆಟ್ಟಿಗೆಯಲ್ಲಿ ಕಾಯಂ ಇಟ್ಟಿರಿ. ಕಾರಿಡಾರಿನ ಸದ್ದು ಬಾಗಿಲ ಕೆಳಗಿನಿಂದ ಬರುತ್ತದೆ, ಒಂದು ಸ್ನಾನದ ಟವೆಲ್ ಸುರುಳಿ ಮಾಡಿ ಒತ್ತಿಟ್ಟರೆ ಎದ್ದು ಕಾಣುವಷ್ಟು ತಗ್ಗುತ್ತದೆ.

ಬೆಳಗಿನ ಜಾವ ಪಕ್ಕದವರು ಸ್ನಾನ ಮಾಡುವ ನೀರಿನ ಸದ್ದು ಗೋಡೆಯೊಳಗಿಂದ ಕೇಳಿಸುವುದಕ್ಕೂ ಒಂದು ಇತಿಹಾಸವಿದೆ. 1908ರಲ್ಲಿ ಅಮೆರಿಕದ ಬಫಲೊ ನಗರದಲ್ಲಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಕಟ್ಟಿದ ಹೋಟೆಲಿನಲ್ಲಿ ಪ್ರತಿ ಕೋಣೆಗೂ ಸ್ವಂತ ಸ್ನಾನಗೃಹವಿತ್ತು. ಖರ್ಚು ಹಿಡಿತದಲ್ಲಿರಲೆಂದು ಅಕ್ಕಪಕ್ಕದ ಕೋಣೆಗಳ ಸ್ನಾನಗೃಹಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿ, ನಡುವೆ ಒಂದೇ ಕೊಳವೆ ಮಾರ್ಗ ಎಳೆದರು. ಇವತ್ತಿನ ಹೋಟೆಲುಗಳೂ ಬಹುಪಾಲು ಹೀಗೇ ಇವೆ. ಕೋಣೆಯಲ್ಲಿ ಎರಡು ಮಂಚವಿದ್ದರೆ ಸ್ನಾನಗೃಹದ ಗೋಡೆಯಿಂದ ದೂರದ್ದನ್ನು ಆರಿಸಿಕೊಳ್ಳಿ.

ನಡುರಾತ್ರಿ ಏಸಿ ತಾನಾಗಿ ನಿಂತು ಸೆಕೆಗೆ ಎಚ್ಚರವಾದರೆ, ಅದು ಕೆಟ್ಟಿಲ್ಲದಿರಬಹುದು. ಚಲನೆ ಇಲ್ಲದಿದ್ದರೆ ಕೋಣೆ ಖಾಲಿಯಿದೆ ಎಂದು ತಿಳಿದು ವಿದ್ಯುತ್ ಉಳಿಸುವ ಸೆನ್ಸರ್‌ಗಳು ಈಗ ಅನೇಕ ಕಡೆ ಇವೆ. ಕೆಳಗೆ ತಿಳಿಸಿದರೆ ಅದನ್ನು ಬದಲಿಸಿಕೊಡುತ್ತಾರೆ.

ಹಂತ 7: ವೈಫೈ ಮತ್ತು ಫೋನ್ ಕರೆಗಳ ಬಗ್ಗೆ ಎಚ್ಚರ

ವೈಫೈಯ ನಿಖರವಾದ ಹೆಸರನ್ನು ಸಿಬ್ಬಂದಿಯ ಬಾಯಿಂದಲೇ ಕೇಳಿ. ಅದನ್ನೇ ಹೋಲುವ ಹೆಸರಿನ ನಕಲಿ ಜಾಲ ಹಾಕುವುದು ಕಷ್ಟವೇನಲ್ಲ. 2014ರಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಸೈಬರ್ ಭದ್ರತಾ ಸಂಸ್ಥೆ ಡಾರ್ಕ್‌ಹೋಟೆಲ್ ಎಂಬ ದಾಳಿಯ ವಿವರ ಬಯಲಿಗೆ ತಂದಿತು: ಹೋಟೆಲಿನ ವೈಫೈಗೆ ಸೇರಿದ ಕಂಪನಿ ಅಧಿಕಾರಿಗಳಿಗೆ ಪರಿಚಿತ ತಂತ್ರಾಂಶದ ಅಪ್‌ಡೇಟ್ ಬಂದಿದೆ ಎಂದು ತೋರಿಸಿ, ಒಪ್ಪಿದವರ ಲ್ಯಾಪ್‌ಟಾಪಿಗೆ ಕಳ್ಳ ತಂತ್ರಾಂಶ ಇಳಿಸುತ್ತಿದ್ದರು. ಅಪ್‌ಡೇಟ್‌ಗಳನ್ನು ಮನೆಯಲ್ಲೇ ಮುಗಿಸಿಕೊಂಡು ಹೊರಡಿ. ಹೋಟೆಲಿನಲ್ಲಿ ಬಂದದ್ದನ್ನು ಒಪ್ಪಬೇಡಿ. ಕಚೇರಿಯ ಕೆಲಸಕ್ಕೆ ವಿಪಿಎನ್ (ಮಾಹಿತಿ ಇತರರಿಗೆ ಓದಲಾಗದಂತೆ ಕಳುಹಿಸುವ ಸುರಕ್ಷಿತ ಸಂಪರ್ಕ) ಇಲ್ಲವೇ ಮೊಬೈಲಿನ ಹಾಟ್‌ಸ್ಪಾಟ್ ಬಳಸಿ.

ರಾತ್ರಿ ಕೋಣೆಯ ಫೋನಿಗೆ ಕರೆ ಮಾಡಿ, "ರಿಸೆಪ್ಷನ್‌ನಿಂದ ಮಾತನಾಡುತ್ತಿದ್ದೇವೆ, ನಿಮ್ಮ ಕಾರ್ಡಿನ ವಿವರ ಮತ್ತೊಮ್ಮೆ ಹೇಳಿ" ಎನ್ನುವುದು ಹಳೆಯ ಮೋಸ. ಫೋನ್ ಇಟ್ಟು, ಕೆಳಗಿಳಿದು ಹೋಗಿ ವಿಚಾರಿಸಿ.

ಹಂತ 8: ತೊಂದರೆಯಾದರೆ ಆಗಲೇ ಹೇಳಿ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಕೋಣೆ ಬಿಡುವಾಗ "ರಾತ್ರಿಯೆಲ್ಲಾ ಏಸಿ ಕೆಲಸ ಮಾಡಲಿಲ್ಲ" ಎಂದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ. ರಾತ್ರಿ ಹತ್ತಕ್ಕೆ ಹೇಳಿದ್ದರೆ ಕೋಣೆ ಬದಲಾಗುತ್ತಿತ್ತು. ದೂರುವವರ ದೊಡ್ಡ ಪಾಲು ಇಲ್ಲೇ ಎಡವುತ್ತದೆ. ಅವರ ಬರಹಗಳನ್ನು ಓದುವಾಗ ನನಗೆ ಮರುಕವೇ ಆಗುತ್ತದೆ, ಏಕೆಂದರೆ ಆ ರಾತ್ರಿಯನ್ನು ಉಳಿಸಿಕೊಳ್ಳಬಹುದಿತ್ತು.

ಹೇಳುವಾಗ ಏನಾಗಿದೆ, ಯಾವಾಗಿನಿಂದ, ನಿಮಗೆ ಏನು ಬೇಕು, ಈ ಮೂರೇ ಮಾತು ಸಾಕು. "ಮೇಲಿನ ಕೋಣೆಯಿಂದ ಅರ್ಧ ಗಂಟೆಯಿಂದ ಕುರ್ಚಿ ಎಳೆಯುವ ಸದ್ದು ಬರುತ್ತಿದೆ. ಬೇರೆ ಮಹಡಿಯಲ್ಲಿ ಕೋಣೆ ಇದ್ದರೆ ಈಗಲೇ ಹೋಗಲು ಸಿದ್ಧ" ಎಂದರೆ ಅವರಿಗೆ ಕೆಲಸ ಸುಲಭ. ಕೌಂಟರಿನಲ್ಲಿ ನಿಂತಿರುವ ಹುಡುಗ ಅಥವಾ ಹುಡುಗಿ ಗೋಡೆ ಕಟ್ಟಿದವರಲ್ಲ, ಬೀದಿಯ ಸದ್ದಿಗೆ ಹೊಣೆಯೂ ಅಲ್ಲ. ಗೌರವದಿಂದ ಮಾತನಾಡಿದರೆ ಅವರು ತಮ್ಮ ಕೈಯಲ್ಲಿರುವುದನ್ನೆಲ್ಲ ಮಾಡುತ್ತಾರೆ. ಅಲ್ಲಿ ಬಗೆಹರಿಯದಿದ್ದರೆ ಪಾಳಿಯ ವ್ಯವಸ್ಥಾಪಕರನ್ನು ಕೇಳಿ, ಮತ್ತು ಹೇಳಿದ ಸಮಯವನ್ನು ಬರೆದಿಟ್ಟುಕೊಳ್ಳಿ. ದೂರು ಮೊದಲೇ ದಾಖಲಾಗಿದ್ದರೆ ಬಿಲ್ಲಿನಲ್ಲಿ ರಿಯಾಯಿತಿ ಕೇಳುವುದಕ್ಕೂ ಬಲ ಬರುತ್ತದೆ.

ಹಂತ 9: ಬಿಲ್ಲು

ಹಿಂದಿನ ರಾತ್ರಿಯೇ ಬಿಲ್ಲಿನ ಪ್ರತಿ ಕೇಳಿ, ಹಾಸಿಗೆಯ ಮೇಲೆ ಕೂತು ನಿಧಾನವಾಗಿ ಓದಿ. ನಡುರಾತ್ರಿಯ ನಂತರ ಹೋಟೆಲುಗಳು ದಿನದ ಲೆಕ್ಕ ಮುಚ್ಚಿ ಕೋಣೆಯ ಬಾಡಿಗೆಯನ್ನು ಸೇರಿಸುತ್ತವೆ, ಆದ್ದರಿಂದ ಕೊನೆಯ ರಾತ್ರಿಯ ಬಾಡಿಗೆ ಅದರಲ್ಲಿ ಇಲ್ಲದಿರಬಹುದು. ಆದರೆ ನೀವು ಕುಡಿಯದ ಪಾನೀಯ, ಬೇರೆ ಕೋಣೆಯವರ ಊಟ, ಬುಕಿಂಗ್‌ನಲ್ಲೇ ಸೇರಿದ್ದ ಉಪಾಹಾರಕ್ಕೆ ಮತ್ತೆ ಹಾಕಿದ ಶುಲ್ಕ ಇದ್ದರೆ ಆಗಲೇ ಕಣ್ಣಿಗೆ ಬೀಳುತ್ತದೆ. ವಾಹನ ನಿಲುಗಡೆ ನಗರದ ನಡುವೆ ಬಹುತೇಕ ಪ್ರತ್ಯೇಕ ಶುಲ್ಕ.

ವಿದೇಶದಲ್ಲಿ ಕಾರ್ಡ್ ಉಜ್ಜುವಾಗ, "ನಿಮ್ಮ ದೇಶದ ಹಣದಲ್ಲೇ ಕೊಡುತ್ತೀರಾ?" ಎಂದು ಯಂತ್ರ ಕೇಳಿದರೆ ಬೇಡ ಎನ್ನಿ, ಸ್ಥಳೀಯ ಹಣವನ್ನೇ ಆರಿಸಿ. ಅನುಕೂಲವೆಂದು ತೋರುವ ಆ ಪರಿವರ್ತನೆಯ ದರ ಸಾಮಾನ್ಯವಾಗಿ ಬ್ಯಾಂಕಿನದಕ್ಕಿಂತ ದುಬಾರಿ.

ತಡವಾಗಿ ಕೋಣೆ ಬಿಡಬೇಕಿದ್ದರೆ ಅದನ್ನೂ ಹಿಂದಿನ ಸಂಜೆಯೇ ಕೇಳಬೇಕು. ಹೋಟೆಲು ತುಂಬಿಲ್ಲದ ದಿನ ಒಂದೆರಡು ಗಂಟೆ ಉಚಿತವಾಗಿ ಸಿಗುವುದುಂಟು. ಇಲ್ಲವೆಂದರೆ ಪೆಟ್ಟಿಗೆಯನ್ನು ಅವರ ಬಳಿ ಬಿಟ್ಟು ಕೆಲಸ ಮುಗಿಸಿ ಬನ್ನಿ.

ಹಂತ 10: ನಿಮ್ಮ ಅನುಭವವನ್ನು ಬರೆಯುವುದು

ನೆನಪು ಹಸಿಯಾಗಿರುವಾಗ, ಎರಡು ಮೂರು ದಿನದೊಳಗೆ ಬರೆಯಿರಿ. ವಾರದ ಯಾವ ದಿನಗಳು, ಎಷ್ಟನೇ ಮಹಡಿ, ಬೀದಿ ಕಡೆಯೋ ಹಿಂಭಾಗವೋ, ಲಿಫ್ಟಿನಿಂದ ಎಷ್ಟು ದೂರ, ಮೇಜಿನ ಪಕ್ಕ ಪ್ಲಗ್ ಇತ್ತೇ, ವಿಡಿಯೊ ಸಭೆ ತಡೆಯಿಲ್ಲದೆ ನಡೆಯಿತೇ, ಇಷ್ಟಿದ್ದರೆ ಮುಂದೆ ಬರುವವರು ಯಾವ ಕೋಣೆ ಕೇಳಬೇಕೆಂದು ತಿಳಿದುಕೊಳ್ಳುತ್ತಾರೆ. ತೊಂದರೆಯನ್ನು ಬರೆದರೆ, ಹೇಳಿಕೊಂಡಾಗ ಹೋಟೆಲಿನವರು ಏನು ಮಾಡಿದರು ಎಂಬುದನ್ನೂ ಬರೆಯಿರಿ. ಹೇಳಿಕೊಂಡಿರದಿದ್ದರೆ ಅದನ್ನೂ ತಿಳಿಸುವುದು ನ್ಯಾಯ. ಸಿಬ್ಬಂದಿಯ ಹೆಸರನ್ನು ಮೆಚ್ಚುಗೆಗೆ ಮಾತ್ರ ಬಳಸಿ. ಹೆಸರು ಹಿಡಿದು ಹೊಗಳಿದ ಒಂದು ಸಾಲು ರಾತ್ರಿ ಪಾಳಿಯವರ ಬಡ್ತಿಗೆ ನೆರವಾಗಬಹುದು. ದೂರಿಗಾದರೆ ದಿನಾಂಕ ಮತ್ತು ಪಾಳಿಯ ಸಮಯ ಸಾಕು, ಯಾರೆಂದು ವ್ಯವಸ್ಥಾಪಕರಿಗೆ ಗೊತ್ತಾಗುತ್ತದೆ.